ಸಿಯೆರ್ರಾ ನೆವಾಡಾಕ್ಕೆ ಹೋದರೆ ಮೊದಲು ಪೇಲ್ ಏಲ್ ಕುಡಿಯಿರಿ

ಉತ್ತರ ಕ್ಯಾಲಿಫೋರ್ನಿಯಾದ ಚೀಕೋ ಊರಿನಲ್ಲಿರುವ ಸಿಯೆರ್ರಾ ನೆವಾಡಾ ಅಮೆರಿಕದ ಅತಿ ದೊಡ್ಡ ಕ್ರಾಫ್ಟ್ ಬ್ರೂವರಿಗಳಲ್ಲೊಂದು. ಹಳೇ ಡೇರಿ ಸಾಮಾನುಗಳನ್ನು ಜೋಡಿಸಿಕೊಂಡು 1980ರಲ್ಲಿ ಬಿಯರ್ ಕಾಯಿಸಲು ಶುರು ಮಾಡಿದ ಕಂಪನಿ ಇದು. ಸ್ಥಾಪಕರಲ್ಲೊಬ್ಬರಾದ ಕೆನ್ ಗ್ರಾಸ್‌ಮನ್ ಅವರ ಕುಟುಂಬದ ಕೈಯಲ್ಲೇ ಇದೆ. ಬೇ ಏರಿಯಾದ ಕನ್ನಡಿಗರಿಗೆ ಶನಿವಾರ ಹೋಗಿ ಭಾನುವಾರ ಬರುವಷ್ಟು ದೂರ. ಊರಿಂದ ಬಂದ ನೆಂಟರಿಗೆ ನಾಪಾದ ವೈನ್ ತೋಟಗಳನ್ನು ತೋರಿಸಿ ಬೇಜಾರಾದವರು ಈ ಕಡೆ ಕಾರು ತಿರುಗಿಸಬಹುದು.

ಬಂದವರಲ್ಲಿ ಬಹಳಷ್ಟು ಜನ ಮಾಡುವ ಎಡವಟ್ಟು ಒಂದೇ. ಬ್ರೂವರಿಯಲ್ಲೇ ಬಿಯರ್ ಬಡಿಸುವ ಟ್ಯಾಪ್‌ರೂಮಿನ ಬೋರ್ಡ್ ನೋಡುತ್ತಾರೆ, "ಪೇಲ್ ಏಲ್ ನಮ್ಮನೆ ಹತ್ತಿರದ ಅಂಗಡೀಲೇ ಸಿಗತ್ತಲ್ಲ" ಅಂತ ಅದನ್ನು ಬಿಡುತ್ತಾರೆ, ಅತಿ ಸ್ಟ್ರಾಂಗ್ ಯಾವುದೋ ಅದನ್ನೇ ಮೊದಲು ಹೇಳುತ್ತಾರೆ. ಎರಡನೇ ಗ್ಲಾಸಿಗೆ ನಾಲಿಗೆ ಜಡ್ಡುಗಟ್ಟಿರುತ್ತದೆ, ಆಮೇಲೆ ಬಂದದ್ದೆಲ್ಲ ಬರೀ ಕಹಿ. ಪೇಲ್ ಏಲ್, ಇವರ ತಾಮ್ರ ಬಣ್ಣದ ಮಾಮೂಲಿ ಬಿಯರ್, ಇಲ್ಲಿ ಅಳತೆಗೋಲು. ಅದರಿಂದ ಶುರು ಮಾಡಿ ನಡುವೆ ಒಮ್ಮೆ ಅದಕ್ಕೇ ವಾಪಸ್ ಬಂದರೆ, ಉಳಿದವುಗಳಲ್ಲಿ ಏನು ಹೆಚ್ಚು, ಏನು ಕಡಿಮೆ ಎಂಬುದು ತಾನಾಗಿ ತಿಳಿಯುತ್ತದೆ.

ಹೊರಡುವ ಮುನ್ನ

ಸ್ಯಾನ್ ಫ್ರಾನ್ಸಿಸ್ಕೋದಿಂದ ಚೀಕೋಗೆ ಸುಮಾರು 170 ಮೈಲಿ, ಮೂರು ಗಂಟೆ ದಾರಿ. ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯವರು ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಿ. ಸ್ಯಾಕ್ರಮೆಂಟೋದಿಂದಾದರೆ ಒಂದೂವರೆ ಗಂಟೆ. ಬ್ರೂವರಿ ಇರುವುದು ಈಸ್ಟ್ 20ನೇ ಸ್ಟ್ರೀಟಿನಲ್ಲಿ, ಹೈವೇ 99ಕ್ಕೆ ಹತ್ತಿರ. ಆಮ್‌ಟ್ರ್ಯಾಕಿನ ಕೋಸ್ಟ್ ಸ್ಟಾರ್‌ಲೈಟ್ ರೈಲು ಚೀಕೋದಲ್ಲಿ ನಿಲ್ಲುವುದೇನೋ ಹೌದು, ಆದರೆ ಹೋಗುವಾಗಲೂ ಬರುವಾಗಲೂ ಊರೆಲ್ಲ ಮಲಗಿದ ಹೊತ್ತಿನಲ್ಲಿ. ಹಾಗಾಗಿ ಕಾರೇ ಗತಿ.

ಕಾರು ಅಂದಮೇಲೆ ಮೊದಲು ತೀರ್ಮಾನವಾಗಬೇಕಾದ್ದು ವಾಪಸ್ ಯಾರು ಓಡಿಸುತ್ತಾರೆ ಅನ್ನುವುದು. ಒಂದು ಹನಿಯೂ ಮುಟ್ಟದ ಒಬ್ಬರು ಜೊತೆಗಿರಬೇಕು, ಇಲ್ಲವೇ ಚೀಕೋದಲ್ಲೇ ರೂಮು ಮಾಡಬೇಕು. ರೂಮೇ ವಾಸಿ. ಹೋಟೆಲಿನಲ್ಲಿ ಕಾರು ಬಿಟ್ಟು ಊಬರ್ ಹಿಡಿದು ಬ್ರೂವರಿಗೆ ಬಂದರೆ ನಾಲ್ವರೂ ನೆಮ್ಮದಿಯಾಗಿ ಕೂರಬಹುದು. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೋಹಾಲ್ ಮಿತಿ 0.08%, ಭಾರತದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03%. ಇಲ್ಲಿ ಮಿತಿ ಸಡಿಲ ಇದೆ ಅಂತ ಲೆಕ್ಕ ಹಾಕಲು ಕೂರಬೇಡಿ. ವೀಸಾದ ಮೇಲೆ ಇರುವವರಿಗಂತೂ ಇದು ಬರೀ ದಂಡದ ಮಾತಲ್ಲ. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ಕೋರ್ಟಿನ ತೀರ್ಪು ಬರುವ ಮುನ್ನವೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು.

ಚೀಕೋದ ಬೇಸಿಗೆ ನಮ್ಮ ರಾಯಚೂರಿಗೆ ಹತ್ತಿರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 38 ಡಿಗ್ರಿ ದಾಟುವ ದಿನಗಳು ಬೇಕಾದಷ್ಟು. ಆ ಬಿಸಿಲಲ್ಲಿ ಬಿಯರ್ ರುಚಿ ನೋಡುವುದಿಲ್ಲ, ಬಾಯಾರಿಕೆಗೆ ಕುಡಿಯುತ್ತೀರಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಳ್ಳೆಯ ಕಾಲ. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಆಗಷ್ಟೇ ಕೊಯ್ಲಾದಾಗ ಮಾಡಿದ ಸೆಲೆಬ್ರೇಷನ್ ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜೋರಾಗಿರುವ ಬಿಯರ್) ಬರುವುದೂ ಆಗಲೇ. ಹೊರಡುವ ಹಿಂದಿನ ದಿನ ಗಾಳಿಯ ಗುಣಮಟ್ಟ ನೋಡಿಕೊಳ್ಳಿ. ಶರತ್ಕಾಲದಲ್ಲಿ ಈ ಭಾಗದಲ್ಲಿ ಕಾಳ್ಗಿಚ್ಚು ಮಾಮೂಲು, ಹೊಗೆ ಕವಿದ ದಿನ ಮೂಗು ಕೆಲಸ ಮಾಡುವುದಿಲ್ಲ. 2018ರ ನವೆಂಬರಿನಲ್ಲಿ ಪಕ್ಕದ ಪ್ಯಾರಡೈಸ್ ಊರನ್ನೇ ಸುಟ್ಟ, ಕ್ಯಾಂಪ್ ಫೈರ್ ಎಂಬ ಕಾಳ್ಗಿಚ್ಚು ಇಲ್ಲಿನವರ ನೆನಪಿನಿಂದ ಮಾಸಿಲ್ಲ. ಸಂತ್ರಸ್ತರಿಗಾಗಿ ಆಗ ಈ ಬ್ರೂವರಿ ರೆಸಿಲಿಯನ್ಸ್ ಎಂಬ ಐಪಿಎಯ ರೆಸಿಪಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಅದನ್ನು ತಯಾರಿಸಿದವು.

ಟೂರನ್ನು ಆನ್‌ಲೈನಿನಲ್ಲಿ ಮುಂಚೆಯೇ ಬುಕ್ ಮಾಡಿ. ವಾರಾಂತ್ಯದ ಸ್ಲಾಟುಗಳು ಬೇಗ ತುಂಬುತ್ತವೆ. ಟೂರುಗಳ ಹೆಸರು, ದರ, ವೇಳೆ ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಹೆಸರಿಗೆ ಮರುಳಾಗದೆ ಮೂರು ವಿಷಯ ನೋಡಿ: ಎಷ್ಟು ಹೊತ್ತಿನದು, ತಯಾರಿ ನಡೆಯುವ ಜಾಗಕ್ಕೇ ಕರೆದೊಯ್ಯುತ್ತಾರೋ ಅಥವಾ ಗಾಜಿನಾಚೆಯಿಂದ ತೋರಿಸುತ್ತಾರೋ, ಕೊನೆಗೆ ಎಷ್ಟು ಔನ್ಸ್ ಬಿಯರ್ ಸಿಗುತ್ತದೆ. ಒಂದೂವರೆ ಗಂಟೆಗಿಂತ ಕಡಿಮೆಯದಾದರೆ ಹಾಪ್ಸ್ ಮುಟ್ಟಿ ನೋಡುವಷ್ಟು ಪುರುಸೊತ್ತು ಸಿಗುವುದು ಕಷ್ಟ. ಬೆಳಗಿನ ಸ್ಲಾಟ್ ಹಿಡಿಯಿರಿ. ನಾಲಿಗೆ ಚುರುಕಾಗಿರುವುದು ಬೆಳಗ್ಗೆ ಹನ್ನೊಂದರ ಸುಮಾರಿಗೆ, ಊಟವಾದ ಮೇಲಲ್ಲ.

ಮುಂದೆ ಮುಚ್ಚಿರುವ, ಹಿಮ್ಮಡಿ ಎತ್ತರವಿಲ್ಲದ ಶೂ ಹಾಕಿಕೊಳ್ಳಿ. ನೆಲ ಒದ್ದೆ ಇರುತ್ತದೆ, ಚಪ್ಪಲಿಯಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ. ಕುಡಿಯಲು 21 ತುಂಬಿರಬೇಕು, ಗುರುತಿನ ಚೀಟಿ ಎಲ್ಲರಿಗೂ ಬೇಕು. ಊರಿಂದ ಬಂದವರ ಬಳಿ ಅಸಲಿ ಪಾಸ್‌ಪೋರ್ಟೇ ಇರಲಿ. ಆಧಾರ್ ಕಾರ್ಡು, ಮೊಬೈಲಿನಲ್ಲಿರುವ ಪಾಸ್‌ಪೋರ್ಟ್ ಫೋಟೋ ನಡೆಯುವುದಿಲ್ಲ. ತಲೆ ಪೂರ್ತಿ ಬೆಳ್ಳಗಾದ ಮಾವನವರಿಗೂ ಇದೇ ನಿಯಮ, ಅವರು ಸಿಡಿಮಿಡಿಗೊಳ್ಳದಂತೆ ಮೊದಲೇ ಹೇಳಿಟ್ಟಿರಿ.

ಸೆಂಟು ಹಾಕಬೇಡಿ. ನಿಮಗಷ್ಟೇ ಅಲ್ಲ, ಪಕ್ಕದವರಿಗೂ ವಾಸನೆ ಸಿಗದಂತಾಗುತ್ತದೆ. ಲಿಪ್‌ಸ್ಟಿಕ್, ಲಿಪ್ ಬಾಮ್‌ಗಳ ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಬೆಳಗಿನ ತಿಂಡಿ ಹೊಟ್ಟೆ ತುಂಬ ಆಗಲಿ, ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಸರಸರನೆ ರಕ್ತಕ್ಕೆ ಸೇರುತ್ತದೆ. ಇಡ್ಲಿ, ಉಪ್ಪಿಟ್ಟು, ಮೊಸರನ್ನ ಎಲ್ಲವೂ ಸರಿ. ಉಪ್ಪಿನಕಾಯಿ, ಚಟ್ನಿಪುಡಿ ಮಾತ್ರ ಮನೆಯಲ್ಲೇ ಇರಲಿ. ಹಸಿಮೆಣಸಿನ ಉರಿ ಬಾಯಲ್ಲಿರುವಾಗ ಕಹಿಯೂ ಆಲ್ಕೋಹಾಲಿನ ಬಿಸಿಯೂ ಎರಡರಷ್ಟು ಕಾಣುತ್ತವೆ. ಟೂರಿಗೆ ಮುಂಚಿನ ಒಂದು ಗಂಟೆ ಕಾಫಿಯೂ ಬೇಡ, ಮಿಂಟೂ ಬೇಡ. ನಿತ್ಯ ಔಷಧಿ ತೆಗೆದುಕೊಳ್ಳುವವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಡಾಕ್ಟರನ್ನು ಕೇಳಿಯೇ ಹೊರಡಬೇಕು.

ಟೂರ್: ಕಣ್ಣಿಗಿಂತ ಮೂಗಿಗೆ ಕೆಲಸ

ಟ್ಯಾಪ್‌ರೂಮಿಗೆ ಮುಂಚೆ ಟೂರ್ ಮಾಡಿ, ಆಮೇಲಲ್ಲ. ಬಿಯರಿನಲ್ಲಿ ಬರುವ ಪ್ರತಿ ವಾಸನೆಯ ಮೂಲ ಒಳಗಿದೆ, ಅದನ್ನು ಒಮ್ಮೆ ಮೂಸಿ ಬಂದರೆ ಗ್ಲಾಸಿನಲ್ಲಿ ಹುಡುಕುವುದು ಸುಲಭ.

ಮಾಲ್ಟ್ ಕೈಗೆ ಕೊಟ್ಟರೆ ಸಂಕೋಚ ಪಡದೆ ಅಗಿಯಿರಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅದು. ಬಿಳಿ ಮಾಲ್ಟ್ ಬಿಸ್ಕತ್ತಿನ ರುಚಿ ಕೊಡುತ್ತದೆ, ಕ್ಯಾರಮೆಲ್ ಮಾಲ್ಟ್ ಅಗಿದಷ್ಟೂ ಸಿಹಿ ಬಿಡುತ್ತದೆ, ಕಪ್ಪಾಗಿ ಹುರಿದದ್ದು ಕಾಫಿ ಬೀಜದ ಕಹಿ. ಪೇಲ್ ಏಲ್‌ನ ತಾಮ್ರದ ಬಣ್ಣಕ್ಕೂ ಅದರ ಸಣ್ಣ ಸಿಹಿಗೂ ಕಾರಣ ಈ ಎರಡನೆಯದು.

ನಂತರ ಹಾಪ್ಸ್. ಇದು ಬಳ್ಳಿಯ ಹೂ. ಬಹಳಷ್ಟು ಬ್ರೂವರಿಗಳು ಅದನ್ನು ಪುಡಿ ಮಾಡಿ ಗುಳಿಗೆಯಾಗಿ ಒತ್ತಿಸಿದ್ದನ್ನು ತರಿಸಿಕೊಂಡರೆ, ಸಿಯೆರ್ರಾ ನೆವಾಡಾ ಇಡಿ ಹೂವನ್ನು ಬಳಸುವುದಕ್ಕೆ ಹೆಸರಾದದ್ದು. ಹಾಪ್ಸ್ ಇಡುವ ಕೋಣೆ ತಣ್ಣಗಿರುತ್ತದೆ, ಬೆಚ್ಚಗಿದ್ದರೆ ಎಣ್ಣೆಯಂಶ ಹಾರಿ ಹೋಗಿ ಹಳೇ ಚೀಸಿನ ವಾಸನೆ ಹಿಡಿಯುತ್ತದೆ. ಎರಡು ಮೂರು ಹೂವನ್ನು ಅಂಗೈಯಲ್ಲಿಟ್ಟು, ಇನ್ನೊಂದು ಅಂಗೈಯಿಂದ ಜೋರಾಗಿ ಹತ್ತು ಸಲ ಉಜ್ಜಿ. ದಳಗಳ ಬುಡದಲ್ಲಿರುವ ಅರಿಶಿನ ಬಣ್ಣದ ಲ್ಯುಪುಲಿನ್ ಪುಡಿ ಒಡೆದು ಅಂಗೈಗೆ ಅಂಟುತ್ತದೆ. ಎರಡೂ ಕೈ ಬೊಗಸೆ ಮಾಡಿ ಮೂಗು ಅದರೊಳಗಿಟ್ಟು ಚಿಕ್ಕದಾಗಿ ಎರಡು ಸಲ ಎಳೆದುಕೊಳ್ಳಿ. ಕ್ಯಾಸ್ಕೇಡ್ ತಳಿಯಾದರೆ ಮೊದಲು ಚಕ್ಕೋತದ ಸಿಪ್ಪೆ, ಹಿಂದೆಯೇ ಹೂವಿನ ವಾಸನೆ. ಒರೆಗಾನ್‌ನಲ್ಲಿ ಬೆಳೆಸಿ 1972ರಲ್ಲಿ ರೈತರಿಗೆ ಬಿಡುಗಡೆಯಾದ ಈ ತಳಿಯೇ ಪೇಲ್ ಏಲ್‌ನ ಜೀವ. ನಾಲಿಗೆಗೆ ಮಾತ್ರ ತಾಕಿಸಬೇಡಿ. ಆ ಕಹಿ ಅರ್ಧ ಗಂಟೆ ಹೋಗುವುದಿಲ್ಲ, ಮುಂದಿನ ಟೇಸ್ಟಿಂಗ್ ಕೆಟ್ಟಂತೆಯೇ. ಉಜ್ಜಿದ ಮೇಲೆ ಕೈ ತೊಳೆಯದೆ ಗ್ಲಾಸ್ ಹಿಡಿದರೂ ಎಲ್ಲ ಬಿಯರೂ ಕ್ಯಾಸ್ಕೇಡ್ ಆಗಿಬಿಡುತ್ತದೆ. ಅಂಟು ಬೇಗ ಬಿಡುವುದಿಲ್ಲ, ಸೋಪು ಹಾಕಿ ಎರಡು ಸಲ ತೊಳೆದು ಬರೀ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ.

ಎಲ್ಲರೂ ಫೋಟೋ ಹೊಡೆಯುವುದು ತಾಮ್ರದ ದೊಡ್ಡ ಕೆಟಲ್‌ಗಳ ಮುಂದೆ. ಜರ್ಮನಿಯ ಹಳೇ ಬ್ರೂವರಿಯೊಂದರಿಂದ ಕೊಂಡು ಬಿಚ್ಚಿ ತಂದ 100 ಬ್ಯಾರೆಲಿನ ಸೆಟ್ ಅದು. ಅಮೆರಿಕದ ಬಿಯರ್ ಬ್ಯಾರೆಲ್ ಅಂದರೆ 117 ಲೀಟರ್, ಹಾಗಾಗಿ ಒಂದು ಸಲಕ್ಕೆ ಸುಮಾರು 11,700 ಲೀಟರ್. ಅಂದ ನೋಡಿ ಮುಂದೆ ಹೋಗುವ ಬದಲು ಗೈಡನ್ನು ಒಂದು ಪ್ರಶ್ನೆ ಕೇಳಿ: ಹಾಪ್ಸ್ ಯಾವ ಯಾವ ಹೊತ್ತಿಗೆ ಬೀಳುತ್ತದೆ? ಇಡೀ ಟೇಸ್ಟಿಂಗಿನ ಕೀಲಿ ಅದರಲ್ಲಿದೆ. ಕೆಟಲ್‌ನಲ್ಲಿ ಮಾಲ್ಟಿನ ರಸ ಕುದಿಯಲು ಶುರುವಾದಾಗಲೇ ಹಾಕಿದ ಹಾಪ್ಸ್‌ನಿಂದ ಕಹಿ ಬರುತ್ತದೆ, ಅದರ ಆಲ್ಫಾ ಆಮ್ಲಗಳು ಕರಗುವ ರೂಪಕ್ಕೆ ತಿರುಗಲು ಒಂದು ಗಂಟೆಯಾದರೂ ಕುದಿಯಬೇಕು. ಅಷ್ಟರಲ್ಲಿ ಅದರ ಪರಿಮಳವೆಲ್ಲ ಆವಿಯಾಗಿ ಹೋಗಿರುತ್ತದೆ. ಪರಿಮಳ ಬೇಕಿದ್ದರೆ ಕುದಿ ಮುಗಿಯುವಾಗಲೋ, ಹುದುಗಿದ ಮೇಲೆ ತಣ್ಣನೆಯ ಬಿಯರಿಗೋ ಹಾಕಬೇಕು. ಹೀಗೆ ತಡವಾಗಿ ಹಾಕಿದ್ದರಿಂದ ಕಹಿ ಅಷ್ಟಾಗಿ ಬರುವುದಿಲ್ಲ. ಬೋರ್ಡಿನ ಮೇಲೆ ಐಬಿಯು ಅಂತ ಕಾಣುವ ಅಂಕಿ ಕಹಿಯ ಅಳತೆ ಮಾತ್ರ, ಹಾಪ್ಸ್ ಪರಿಮಳದ್ದಲ್ಲ.

ಬಿಯರ್ ಹುದುಗುವ ಟ್ಯಾಂಕುಗಳಾದ ಫರ್ಮೆಂಟರ್‌ಗಳ ಸಾಲಿನಲ್ಲಿ ಹಾಪ್ ಟಾರ್ಪಿಡೋ ಎಲ್ಲಿದೆ ಕೇಳಿ ನೋಡಿ. ಉದ್ದನೆಯ ಸ್ಟೀಲ್ ಸಿಲಿಂಡರು, ಒಳಗೆ ಇಡಿ ಹಾಪ್ಸ್ ಗಿಡಿದು ತುಂಬಿರುತ್ತಾರೆ. ಫರ್ಮೆಂಟರಿನ ಬಿಯರನ್ನು ಪಂಪ್ ಮಾಡಿ ಅದರ ಮೂಲಕ ಹಾಯಿಸಿ ವಾಪಸ್ ಫರ್ಮೆಂಟರಿಗೇ ಬಿಡುತ್ತಾರೆ, ಮತ್ತೆ ಮತ್ತೆ. ನಮ್ಮ ಕಾಫಿ ಫಿಲ್ಟರಿನ ಕೆಲಸವೇ, ಬಿಸಿನೀರಿನ ಬದಲು ತಣ್ಣನೆಯ ಬಿಯರ್. ಹಾಪ್ಸ್ ಚೀಲವನ್ನು ಟ್ಯಾಂಕಿನಲ್ಲಿ ಸುಮ್ಮನೆ ಇಳಿಬಿಟ್ಟರೆ ನಡುವಿನ ಹೂಗಳಿಗೆ ಬಿಯರ್ ಸರಿಯಾಗಿ ತಾಗುವುದಿಲ್ಲ. ಆ ತೊಂದರೆಗೆ ಇಲ್ಲಿಯವರೇ ಕಂಡುಕೊಂಡ ದಾರಿ ಇದು. 2009ರಲ್ಲಿ ಬಂದ ಟಾರ್ಪಿಡೋ ಐಪಿಎಗೆ ಇದರದೇ ಹೆಸರು.

ಯಾರಾದರೂ ಫರ್ಮೆಂಟರಿನ ಮುಚ್ಚಳ ತೆಗೆದು ತೋರಿಸಿದರೆ ಬಗ್ಗಿ ಮೂಗು ಒಳಗೆ ಹಾಕಬೇಡಿ. ಮೇಲೆ ನಿಂತಿರುವುದು ಕಾರ್ಬನ್ ಡೈಆಕ್ಸೈಡ್, ಮೂಗಿಗೆ ಚುಚ್ಚಿದಂತಾಗಿ ತಲೆ ತಿರುಗುತ್ತದೆ. ಕೈಯಿಂದ ಗಾಳಿಯನ್ನು ನಿಮ್ಮ ಕಡೆ ಬೀಸಿಕೊಂಡು ಮೂಸಿ. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ ಇರುವವರು ಇಲ್ಲಿ ಯೀಸ್ಟಿನ ಬಗ್ಗೆಯೂ ವಿಚಾರಿಸಬಹುದು. ಯುಎಸ್-05, ಡಬ್ಲ್ಯೂಎಲ್‌ಪಿ001 ಅಂತ ಪೊಟ್ಟಣದಲ್ಲಿ ಬರುವುದನ್ನು ಹವ್ಯಾಸಿಗಳು ಚೀಕೋ ಯೀಸ್ಟ್ ಅಂತಲೇ ಕರೆಯುತ್ತಾರೆ. ತನ್ನದೇ ರುಚಿಯನ್ನು ಹೆಚ್ಚು ಬಿಡದೆ ಹಾಪ್ಸ್‌ಗೆ ಜಾಗ ಕೊಡುವುದು ಅದರ ಗುಣ.

ಬಾಟ್ಲಿಂಗ್ ಲೈನ್ ಗದ್ದಲದ ಜಾಗ, ಗೈಡ್ ಹೇಳಿದ್ದು ಅರ್ಧ ಕೇಳಿಸುವುದಿಲ್ಲ. ಬ್ರೂವರಿಯ ಸೋಲಾರ್ ಫಲಕಗಳು 10,000ಕ್ಕೂ ಹೆಚ್ಚು ಅಂತ ಹೇಳಿಯೇ ಹೇಳುತ್ತಾರೆ, ಕೇಳಿಸಿಕೊಂಡು ನಡೆಯಿರಿ.

ಎಷ್ಟು ಕುಡಿಯುತ್ತಿದ್ದೇವೆ ಅನ್ನುವ ಲೆಕ್ಕ

ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: 5% ಬಿಯರಿನ 12 ಔನ್ಸ್ ಕ್ಯಾನು ಒಂದು, 355 ಮಿಲಿ. ಸ್ಯಾಂಪಲ್ ಗ್ಲಾಸ್ ಸಾಮಾನ್ಯವಾಗಿ 4 ಔನ್ಸಿನ ಆಸುಪಾಸು, 118 ಮಿಲಿ. ಕೂರುವ ಮೊದಲು ಸರ್ವರನ್ನು ಕೇಳಿ ಖಚಿತ ಮಾಡಿಕೊಳ್ಳಿ, 5 ಔನ್ಸ್ ಆದರೆ ಇಡೀ ಲೆಕ್ಕ ಕಾಲು ಭಾಗ ಏರುತ್ತದೆ.

ಮಿಲಿ ಅಳತೆಯನ್ನು ಶೇಕಡಾವಾರು ಆಲ್ಕೋಹಾಲಿನಿಂದಲೂ (5.6% ಅಂದರೆ 0.056) 0.789ರಿಂದಲೂ ಗುಣಿಸಿದರೆ ಗ್ರಾಂ ಸಿಗುತ್ತದೆ. ಮುಂದೆ ಕುಡಿಯುವ ಕ್ರಮದಲ್ಲಿ ಬರುವ ಐದು ಬಿಯರುಗಳ ಲೆಕ್ಕ ಹೀಗೆ: 4 ಔನ್ಸ್ ಪೇಲ್ ಏಲ್ 5.6%, ಸುಮಾರು 5.2 ಗ್ರಾಂ. ಹೇಜಿ ಲಿಟ್ಲ್ ಥಿಂಗ್ 6.7%, 6.2 ಗ್ರಾಂ. ಸೆಲೆಬ್ರೇಷನ್ 6.8%, 6.3. ಟಾರ್ಪಿಡೋ 7.2%, 6.7. ಬಿಗ್‌ಫುಟ್ 9.6%, 8.9. ಪೇಲ್ ಏಲನ್ನು ಎರಡು ಸಲ ಸೇರಿಸಿ ಆರು ಗ್ಲಾಸಿಗೆ 38.5 ಗ್ರಾಂ, ಅಂದರೆ ಎರಡೂ ಮುಕ್ಕಾಲು ಡ್ರಿಂಕ್. ನೋಡಲು ಆರು ಪುಟಾಣಿ ಗ್ಲಾಸು ಅಷ್ಟೇ. ಅದೇ ಟಾರ್ಪಿಡೋವನ್ನು 16 ಔನ್ಸಿನ ಪಿಂಟ್‌ನಲ್ಲಿ ಹೇಳಿದರೆ ಒಂದೇ ಗ್ಲಾಸಿಗೆ ಎರಡು ಡ್ರಿಂಕಿಗೆ ಹತ್ತಿರ.

ದೇಹ ಗಂಟೆಗೆ ಸುಮಾರು ಒಂದು ಡ್ರಿಂಕನ್ನಷ್ಟೇ ಕರಗಿಸುತ್ತದೆ. ಕಾಫಿ, ನಿಂಬೆ ನೀರು, ಮಜ್ಜಿಗೆ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಆರು ಸ್ಯಾಂಪಲ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ, ಒಂದೊಂದು ಸ್ಯಾಂಪಲ್ಲಿಗೆ ಅದರ ಎರಡರಷ್ಟು ನೀರು ಕುಡಿಯಿರಿ. ಹಿಡಿಸದ ಬಿಯರನ್ನು ಮುಗಿಸಲೇಬೇಕೆಂಬ ಹಟ ಬೇಡ. ತಟ್ಟೆಯಲ್ಲಿ ಅನ್ನ ಬಿಡಬಾರದು ಅನ್ನುವ ಸಂಸ್ಕಾರವನ್ನು ಇಲ್ಲಿ ಬದಿಗಿಡಬಹುದು, ಎರಡು ಗುಟುಕಿನಲ್ಲಿ ತಿಳಿಯುವುದು ತಿಳಿದಿರುತ್ತದೆ.

ಕುಡಿಯುವ ಕ್ರಮ

ಗ್ಲಾಸ್ ಬಂದ ಕೂಡಲೇ ಅದರ ಗೋಡೆ ನೋಡಿ. ಬಿಯರಿನೊಳಗೆ ಗುಳ್ಳೆಗಳು ಅಲ್ಲಲ್ಲಿ ಗೋಡೆಗೆ ಅಂಟಿ ನಿಂತಿದ್ದರೆ ಗ್ಲಾಸಿನಲ್ಲಿ ಜಿಡ್ಡೋ ಸೋಪೋ ಉಳಿದಿದೆ. ಬೇರೆ ಗ್ಲಾಸ್ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಶುಚಿಯಾದ ಗ್ಲಾಸಿನಲ್ಲಿ ಪ್ರತಿ ಗುಟುಕಿನ ನಂತರ ನೊರೆ ಗೋಡೆಯ ಮೇಲೆ ಬಳೆ ಬಳೆಯಾಗಿ ಉಳಿಯುತ್ತದೆ. ನೊರೆ ಬೇಡ ಅನ್ನಬೇಡಿ, ಪರಿಮಳ ಹೊತ್ತು ತರುವುದೇ ಅದು.

ಎಲ್ಲಾ ಸ್ಯಾಂಪಲ್ಲುಗಳನ್ನು ಒಟ್ಟಿಗೆ ತರಿಸುವುದು ತಪ್ಪಲ್ಲ, ಆದರೆ ಆರನೆಯದನ್ನು ಮುಟ್ಟುವ ಹೊತ್ತಿಗೆ ಅದರ ಗ್ಯಾಸ್ ಹೋಗಿರುತ್ತದೆ. ಮೂರು ಮೂರಾಗಿ ಹೇಳಿ. ಹೊರಗಿನ ಬಿಸಿಲಿನಲ್ಲಿ ಕೂರಬೇಡಿ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಸಂಯುಕ್ತವಾಗುತ್ತದೆ, ಪಾರದರ್ಶಕ ಗ್ಲಾಸಿನಲ್ಲಿ ನೇರ ಬಿಸಿಲಿಗೆ ಕೆಲವೇ ನಿಮಿಷ ಸಾಕು. ಅಮೆರಿಕದವರು ಇದಕ್ಕೆ ಸ್ಕಂಕ್ ಪ್ರಾಣಿಯ ಹೆಸರಿಟ್ಟಿದ್ದಾರೆ, ಒಮ್ಮೆ ಮೂಸಿದರೆ ಯಾಕೆಂದು ಕೇಳುವುದಿಲ್ಲ.

ಪ್ರತಿ ಗ್ಲಾಸಿಗೂ ಮಾಡುವುದು ಇಷ್ಟೇ: ಒಮ್ಮೆ ತಿರುಗಿಸಿ, ಚಿಕ್ಕದಾಗಿ ಎರಡು ಸಲ ಮೂಸಿ, ದೊಡ್ಡ ಗುಟುಕು ತೆಗೆದುಕೊಂಡು ಬಾಯೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಆ ಹೊರಗೆ ಬರುವ ಉಸಿರಿನಲ್ಲೇ ಅರ್ಧ ರುಚಿ ಇರುವುದು. ಅದಕ್ಕೇ ಬಿಯರನ್ನು ವೈನಿನ ಹಾಗೆ ಉಗಿದರೆ ಪೂರ್ತಿ ತಿಳಿಯುವುದಿಲ್ಲ, ಹಾಪ್ಸ್‌ನ ಕಹಿ ನಾಲಿಗೆಯ ಹಿಂಭಾಗದಲ್ಲಿ ನಿಧಾನವಾಗಿ ಏರುವಂಥದ್ದು.

ಮೊದಲು ಪೇಲ್ ಏಲ್. 38 ಐಬಿಯು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಹೆಫೆವೈಜನ್ ಎಂಬ ಗೋಧಿ ಬಿಯರ್ ಕುಡಿದು ಅಭ್ಯಾಸವಾದ ಊರಿನ ನೆಂಟರಿಗೆ ಇದೇ ಕಹಿ ಅನ್ನಿಸುತ್ತದೆ. ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಕೊಡುವುದು ಯೀಸ್ಟ್, ಹಾಪ್ಸ್ ಅಲ್ಲಿ ಹೆಸರಿಗಷ್ಟೇ. ಇಲ್ಲಿ ಅದು ತಿರುಗುಮುರುಗು. ಮೊದಲ ಎರಡು ಗುಟುಕಿಗೆ ತೀರ್ಪು ಕೊಡಬೇಡಿ ಅಂತ ಅವರಿಗೆ ಹೇಳಿ, ನಾಲ್ಕನೆಯದಕ್ಕೆ ನಾಲಿಗೆ ಒಗ್ಗುತ್ತದೆ, ಕಹಿಯ ಹಿಂದಿನ ಕ್ಯಾರಮೆಲ್ ಸಿಹಿ ಮೇಲೆ ಬರುತ್ತದೆ. ಅರ್ಧ ಗ್ಲಾಸ್ ಕುಡಿದು ಪಕ್ಕಕ್ಕಿಡಿ.

ಎರಡನೆಯದು ಹೇಜಿ ಲಿಟ್ಲ್ ಥಿಂಗ್. ಫಿಲ್ಟರ್ ಮಾಡದ ಮಬ್ಬು ಐಪಿಎ, ಗೋಧಿಯೂ ಓಟ್ಸೂ ಇರುವುದರಿಂದ ಬಾಯಿಗೆ ಮೆತ್ತಗೆ. ಆಲ್ಕೋಹಾಲ್ ಪೇಲ್ ಏಲ್‌ಗಿಂತ ಜಾಸ್ತಿ, ಐಬಿಯು ಮಾತ್ರ 35. ಹಾಪ್ಸ್ ತಡವಾಗಿ ಬಿದ್ದರೆ ಏನಾಗುತ್ತದೆ ಅಂತ ಗೈಡ್ ಹೇಳಿದ್ದನ್ನು ಇಲ್ಲಿ ಬಾಯಲ್ಲೇ ಪರೀಕ್ಷಿಸಬಹುದು: ಹಣ್ಣಿನ ವಾಸನೆ ಜೋರು, ಕಹಿ ಅಡಗಿದೆ.

ಮೂರನೆಯದು, ಸಿಕ್ಕುವ ಕಾಲವಾದರೆ, ಸೆಲೆಬ್ರೇಷನ್. 1981ರಿಂದ ಬರುತ್ತಿದೆ, ಕ್ಯಾಸ್ಕೇಡ್ ಜೊತೆ ಸೆಂಟೆನಿಯಲ್, ಚಿನೂಕ್ ತಳಿಗಳು. ಕೆಂಪು ಬಣ್ಣ, ದೇವದಾರಿನ ಅಂಟಿನ ವಾಸನೆ, 65 ಐಬಿಯು. ಈ ಪಟ್ಟಿಯಲ್ಲಿ ಒಂದೇ ಒಂದನ್ನು ಪಿಂಟ್ ಹೇಳಬೇಕೆಂದರೆ ಇದನ್ನೇ ಹೇಳಿ.

ನಾಲ್ಕನೆಯದು ಟಾರ್ಪಿಡೋ. ಇಲ್ಲಿ ಕಹಿಯನ್ನೂ ಒಗರನ್ನೂ ಬೇರೆ ಮಾಡಿ ನೋಡಿ. ಕಹಿ ನಾಲಿಗೆಯ ಹಿಂದೆ ಬಂದು ಇಳಿಯುತ್ತದೆ. ಒಗರು ಒಸಡನ್ನೂ ಕೆನ್ನೆಯ ಒಳಭಾಗವನ್ನೂ ಹಿಡಿದು ಒಣಗಿಸುತ್ತದೆ, ಅದು ಹಾಪ್ಸ್ ಹೂವಿನ ಟ್ಯಾನಿನ್.

ಈಗ ಪೇಲ್ ಏಲ್‌ಗೆ ವಾಪಸ್. ಹಳೇ ಅರ್ಧ ಗ್ಲಾಸಿನಿಂದ ಒಂದು ಗುಟುಕು, ಹೊಸದಾಗಿ ತರಿಸಿದ್ದರಿಂದ ಇನ್ನೊಂದು. ಗಂಟೆಯ ಹಿಂದೆ ಕಹಿ ಅನ್ನಿಸಿದ್ದು ಈಗ ಸಿಹಿ, ಸ್ವಲ್ಪ ತೆಳು. ಬಿಯರ್ ಬದಲಾಗಿಲ್ಲ, ನಾಲಿಗೆ ಮಂಕಾಗಿದೆ. ಏನೂ ರುಚಿಯೇ ಇಲ್ಲ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ ಊಟ ಹೇಳಿ. ಇನ್ನೂ ಚಕ್ಕೋತದ ವಾಸನೆ ಸಿಗುತ್ತಿದ್ದರೆ ಉಪ್ಪಿಲ್ಲದ ಬ್ರೆಡ್ಡಿನ ಎರಡು ತುಂಡು, ಒಂದು ಲೋಟ ನೀರು, ಹತ್ತು ನಿಮಿಷ ಬಿಡುವು, ಆಮೇಲೆ ಕೊನೆಯದು.

ಬಿಗ್‌ಫುಟ್ ಬಾರ್ಲಿವೈನ್ ಶೈಲಿಯದು, ಅಂದರೆ ವೈನಿಗೆ ಹತ್ತಿರದಷ್ಟು ಸ್ಟ್ರಾಂಗ್ ಬಿಯರ್, ಚಳಿಗಾಲದ ಕೊನೆಗೆ ಬರುತ್ತದೆ. ಫ್ರಿಜ್ಜಿನ ತಣ್ಣಗಿನಲ್ಲಿ ಕುಡಿದರೆ ಬರೀ ಆಲ್ಕೋಹಾಲೂ ಕಹಿಯೂ ಕಾಣುತ್ತದೆ. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಹದಿನೈದು ನಿಮಿಷ ಕಾಯಿರಿ, 12 ಡಿಗ್ರಿ ಸುಮಾರಿಗೆ ಬಂದಾಗ ಖರ್ಜೂರ, ಜೋನಿ ಬೆಲ್ಲ, ಸುಟ್ಟ ಸಕ್ಕರೆ ಎದ್ದು ಬರುತ್ತವೆ. ಗುಟುಕು ಸಣ್ಣದಿರಲಿ. ಇದನ್ನು ಮೊದಲೇ ಕುಡಿದವರಿಗೆ ಆ ದಿನ ಪೇಲ್ ಏಲ್ ನೀರು.

ಏನೋ ಸರಿಯಿಲ್ಲ ಅನ್ನಿಸಿದರೆ

ಬ್ರೂವರಿಯಲ್ಲೇ ಕೆಟ್ಟ ಬಿಯರ್ ಸಿಗುವುದು ಅಪರೂಪ. ಆದರೆ ಇಲ್ಲಿ ತಾಜಾ ರುಚಿ ನಾಲಿಗೆಗೆ ಹತ್ತಿದ ಮೇಲೆ ಬೇರೆ ಕಡೆಯ ದೋಷ ಹಿಡಿಯುವುದು ಸುಲಭ. ಬೆಣ್ಣೆ ಸವರಿದ ಪಾಪ್‌ಕಾರ್ನ್ ವಾಸನೆ ಬಂದರೆ ಅದು ಡಯಾಸಿಟೈಲ್: ಹುದುಗುವಿಕೆಯನ್ನು ಅವಸರದಲ್ಲಿ ಮುಗಿಸಿದ್ದಾರೆ, ಇಲ್ಲವೇ ಬಾರಿನ ಪೈಪು ತೊಳೆದು ಬಹಳ ದಿನವಾಗಿದೆ. ಬೇಯಿಸಿದ ಜೋಳದ ವಾಸನೆಯಾದರೆ ಕುದಿಸಿದ್ದು ಸಾಲದು. ಹಸಿ ಸೇಬಿನ ವಾಸನೆ ಬಲಿಯದ ಬಿಯರಿನದು. ವಿನೆಗರ್ ಹುಳಿ ಇದ್ದರೆ ಪೈಪಿನಲ್ಲಿ ಬ್ಯಾಕ್ಟೀರಿಯಾ ಸೇರಿದೆ, ವಾಪಸ್ ಕಳಿಸಿ. ಒದ್ದೆ ರಟ್ಟಿನ ವಾಸನೆ, ಹಾಪ್ಸ್ ಪರಿಮಳ ಮಾಯ: ಆಮ್ಲಜನಕ ಸೇರಿ ಹಳತಾಗಿದೆ, ಅಂಗಡಿಯ ಶೆಲ್ಫಿನಲ್ಲಿ ಬೆಚ್ಚಗೆ ಕೂತ ಐಪಿಎಗಳ ಸಾಮಾನ್ಯ ರೋಗ.

ಸೀಸೆಯ ಪೇಲ್ ಏಲ್ ತಳದಲ್ಲಿ ಕಾಣುವ ತೆಳು ಪದರ ಮಾತ್ರ ದೋಷವಲ್ಲ. ಸೀಸೆಯೊಳಗೇ ಯೀಸ್ಟ್ ಮತ್ತೊಮ್ಮೆ ಕೆಲಸ ಮಾಡಿ ಗ್ಯಾಸ್ ಕಟ್ಟುವಂತೆ ಮಾಡಿರುತ್ತಾರೆ, ಅದರ ಗುರುತು ಅದು. ಬೇಡದಿದ್ದರೆ ಕೊನೆಯ ಒಂದು ಬೆರಳಷ್ಟು ಸೀಸೆಯಲ್ಲೇ ಬಿಡಿ.

ಊಟ, ಬಿಲ್ಲು, ಡಿಕ್ಕಿ

ಟ್ಯಾಪ್‌ರೂಮಿನ ರೆಸ್ಟೋರೆಂಟಿಗೆ ಮಕ್ಕಳನ್ನೂ ಕರೆದೊಯ್ಯಬಹುದು. ಸಸ್ಯಾಹಾರಿಗಳು ಕರಿದದ್ದನ್ನು ಹೇಳುವ ಮುನ್ನ ಮೀನು ಕರಿಯುವ ಎಣ್ಣೆಯಲ್ಲೇ ಕರಿಯುತ್ತಾರಾ ಕೇಳಿ. ಬಿಯರ್ ಬಗ್ಗೆಯೂ ಮಡಿ ಇರುವವರು ಎರಡು ಪ್ರಶ್ನೆ ಕೇಳಬೇಕು: ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕಿದ್ದಾರಾ, ಹಾಲಿನ ಸಕ್ಕರೆ ಇದೆಯಾ. ಐಸಿಂಗ್ಲಾಸ್ ಹೆಚ್ಚಾಗಿ ಬ್ರಿಟಿಷ್ ಪದ್ಧತಿ, ಹಾಲಿನ ಸಕ್ಕರೆ ಸ್ಟೌಟ್ ಎಂಬ ಕೆಲವು ಕಪ್ಪು ಬಿಯರುಗಳಲ್ಲಿ. ಬೋರ್ಡಿನ ದರಕ್ಕೆ ತೆರಿಗೆ ಸೇರುತ್ತದೆ, ಅದರ ಮೇಲೆ 18ರಿಂದ 20% ಟಿಪ್ಸ್ ಕೊಡುವುದು ರೂಢಿ. ಪುಕ್ಕಟೆ ಸ್ಯಾಂಪಲ್ ಕೊಟ್ಟ ಗೈಡನ್ನೂ ಮರೆಯಬೇಡಿ.

ಅಂಗಡಿಯಲ್ಲಿ ಕೊಳ್ಳುವಾಗ ಕ್ಯಾನಿನ ಮೇಲಿನ ದಿನಾಂಕ ನೋಡಿ. ಹೇಜಿಯನ್ನು ಎರಡು ಮೂರು ತಿಂಗಳೊಳಗೆ ಕುಡಿದು ಮುಗಿಸಿ, ಸೆಲೆಬ್ರೇಷನ್‌ಗೂ ಅಷ್ಟೇ. ಬಿಗ್‌ಫುಟ್ ಮಾತ್ರ ಕತ್ತಲಲ್ಲಿ, ತಣ್ಣನೆಯ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಕಹಿ ಇಳಿಯುತ್ತದೆ, ಬೆಲ್ಲದ ರುಚಿ ಏರುತ್ತದೆ. ಟ್ಯಾಪಿನಿಂದ ಬಿಯರ್ ಹಿಡಿದು ಒಯ್ಯುವ 64 ಔನ್ಸಿನ ದೊಡ್ಡ ಸೀಸೆ ಗ್ರೌಲರ್ ತುಂಬಿಸಿಕೊಂಡರೆ ಬಿರಡೆ ತೆಗೆದ ಮರುದಿನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಗ್ಯಾಸೂ ಇಲ್ಲ ವಾಸನೆಯೂ ಇಲ್ಲ. ಇಬ್ಬರಿಗೆ ಅದು ಜಾಸ್ತಿಯೇ.

ಸೀಲ್ ಒಡೆದ ಬಾಟಲಿ, ಬಿರಡೆ ತೆಗೆದ ಗ್ರೌಲರ್ ಯಾವುದೂ ಕಾರಿನಲ್ಲಿ ಕೂರುವ ಜಾಗದಲ್ಲಿ ಇರುವಂತಿಲ್ಲ, ಡಿಕ್ಕಿಗೇ ಹೋಗಬೇಕು. ಹಿಂದಿನ ಸೀಟಿನಲ್ಲಿ ಕೂತವರು ಹಿಡಿದುಕೊಂಡರೂ ಕೇಸು. ಆದರೆ ಬೇಸಿಗೆಯಲ್ಲಿ ಡಿಕ್ಕಿ ಒಲೆಯಾಗಿರುತ್ತದೆ, ಐಸ್ ತುಂಬಿದ ಕೂಲರ್ ಇಲ್ಲದೆ ಮೂರು ಗಂಟೆ ಪ್ರಯಾಣ ಮಾಡಿದ ಐಪಿಎ ಮನೆ ಸೇರುವಷ್ಟರಲ್ಲಿ ಎಷ್ಟೋ ಹಳತಾಗಿರುತ್ತದೆ.

ಊರಿಗೆ ಒಯ್ಯುವವರಿಗೆ ಇನ್ನೊಂದು ಲೆಕ್ಕ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್ ಮದ್ಯ, ಬಿಯರ್, ವೈನ್, ವಿಸ್ಕಿ ಎಲ್ಲ ಸೇರಿ. ಒಂದು ಸಿಕ್ಸ್‌ಪ್ಯಾಕ್ 2,130 ಮಿಲಿ ಆಗುತ್ತದೆ, 130 ಮಿಲಿ ಜಾಸ್ತಿ. ಐದು ಕ್ಯಾನ್ ಹಾಕಿಕೊಂಡು ಆರನೆಯದನ್ನು ಇಲ್ಲೇ ಮುಗಿಸಿ. ಅದೇ ಟ್ರಿಪ್ಪಿನಲ್ಲಿ ಭಾವನಿಗೆ ಅಂತ ಡ್ಯೂಟಿ ಫ್ರೀಯಲ್ಲಿ ಒಂದು ಲೀಟರ್ ಸ್ಕಾಚ್ ಕೊಂಡರೆ ಕ್ಯಾನ್ ಎರಡಕ್ಕೆ ಇಳಿಯುತ್ತದೆ. ಪ್ರತಿ ಕ್ಯಾನನ್ನು ಜಿಪ್ ಚೀಲಕ್ಕೆ ಹಾಕಿ, ಜೀನ್ಸ್ ಪ್ಯಾಂಟಿನ ಕಾಲಿನೊಳಗೆ ತುರುಕಿ, ಸೂಟ್‌ಕೇಸಿನ ನಡುಮಧ್ಯೆ ಇಟ್ಟು ಚೆಕ್-ಇನ್ ಮಾಡಿ. ಕೈಚೀಲದಲ್ಲಿ ಇಟ್ಟರೆ ಸೆಕ್ಯುರಿಟಿಯಲ್ಲೇ ಕಸದಬುಟ್ಟಿಗೆ ಹೋಗುತ್ತದೆ.